ಹೂವಪ್ಪಗೌಡರ ಕ್ರಾಪು

ಕೊಪ್ಪದ ಪೇಟೆಯಲ್ಲಿ ನನ್ನ ಫೋಟೋ ಸ್ಟುಡಿಯೋಗೂ ರಘುಪತಿಯ ಕ್ಷೌರದಂಗಡಿಗೂ ನಡುವೆ ಇದ್ದದ್ದು ಒಂದೇ ಹಲಗೆ ಗೋಡೆ. ಇಪ್ಪತ್ತು ವರ್ಷ ಅವನ ಕತ್ತರಿಯ ಸದ್ದು ಕೇಳಿಕೊಂಡೇ ನಾನು ಕೆಲಸ ಮಾಡಿದ್ದೇನೆ. ರಘುಪತಿ ಒಳ್ಳೆಯವನೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಅವನ ಒಳ್ಳೆಯತನದಿಂದ ಯಾರಿಗೆ ಏನು ಉಪಕಾರವಾಯಿತು ಎಂದು ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ಒಂದು ಪಾಲು ನನ್ನ ಮೇಲೂ ಇದೆ.

ಅವನಿಗೆ ಬರುತ್ತಿದ್ದದ್ದು ಹಳೇ ಕ್ರಾಪು. 2004ರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಎದುರು ಕರೆಂಟ್ ಮಿಷನ್ನಿನ ಸಲೂನು ಬಂದು, ಹರೆಯದವರೆಲ್ಲ ತಲೆಯನ್ನು ಮುಳ್ಳುಹಂದಿ ಮಾಡಿಸಿಕೊಂಡು ಓಡಾಡುತ್ತಿದ್ದರು. ರಘುಪತಿ ಮಿಷನ್ ಮುಟ್ಟಲಿಲ್ಲ. "ಮಿಷನ್ನಿಗೆ ತಲೆ ಯಾರ್ದು ಅಂತ ಗೊತ್ತಾಗದಿಲ್ಲ ಮಾರಾಯ" ಎನ್ನುತ್ತಿದ್ದ. ಅವನ ಪ್ರಕಾರ ಕ್ರಾಪು ಅರ್ಧ ಕತ್ತರಿಯದು, ಅರ್ಧ ಬಾಚಣಿಗೆಯದು. ಮೊದಲು ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ ಎಂದು ನೋಡಬೇಕು. ಸುಳಿಗೆ ಎದುರಾಗಿ ಬಾಚಿದರೆ ಮಧ್ಯಾಹ್ನದೊಳಗೆ ಕೂದಲು ಎದ್ದು ನಿಲ್ಲುತ್ತದೆ. ಕಿವಿಯ ಮೇಲೆ, ಕತ್ತಿನ ಹಿಂದೆ ಬಾಚಣಿಗೆ ಆನಿಸಿ ಬರೀ ಕತ್ತರಿಯಲ್ಲೇ ಮೆಟ್ಟಿಲು ಕಾಣದ ಹಾಗೆ ಇಳಿಸಬೇಕು. ಮುಂದೆ ನಾಲ್ಕು ಬೆರಳಷ್ಟು ಉದ್ದ ಬಿಡಬೇಕು. ಹುಬ್ಬಿನ ಬಾಗಿನ ನೇರಕ್ಕೆ ಬೈತಲೆ ತೆಗೆದು, ಒದ್ದೆ ಕೂದಲಿಗೆ ಒಂದಿಷ್ಟೇ ಕೊಬ್ಬರಿ ಎಣ್ಣೆ ಸವರಿ, ಹಿಂದಕ್ಕೆ ಬಾಚಿ, ಆಮೇಲೆ ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಹಣೆಯ ಮೇಲೆ ಅಲೆ ಏಳುತ್ತದೆ. "ತಳ್ಳದು ಒಂದೇ ಸಲ. ಎರಡ್ನೇ ಸಲ ತಳ್ಳಿದ್ರೆ ಅದು ಕ್ರಾಪಲ್ಲ, ಹುಲ್ಲಿನ ಹೊರೆ" ಎನ್ನುವುದು ಅವನ ಮಾತು. ಹಾಗೆ ತಳ್ಳಿಸಿಕೊಳ್ಳಲು ಬರುವವರು ಆ ಹೊತ್ತಿಗೆ ನಾಲ್ಕೈದು ಮುದುಕರು ಉಳಿದಿದ್ದರು, ಅವರ ತಲೆಯಲ್ಲಿ ತಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಆ ವರ್ಷ ಕೊಪ್ಪದ ಹತ್ತಿರದ ಹಳ್ಳಿ ನಾರ್ವೆಯ ಧರ್ಮೇಶ್ ಹೊಸ ಮನೆ ಕಟ್ಟಿಸಿದ. ಹಜಾರದಲ್ಲಿ ತೂಗುಹಾಕಲು ಅಪ್ಪನ ಫೋಟೋ ಬೇಕು ಎಂದು ನನ್ನ ಹತ್ತಿರ ಬಂದ. ಅಪ್ಪ ಹೂವಪ್ಪಗೌಡರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಇದ್ದ ಒಂದೇ ಫೋಟೋ ತೇವಕ್ಕೆ ಗಾಜಿಗಂಟಿಕೊಂಡು, ಮುಖದ ಜಾಗದಲ್ಲಿ ಬಿಳಿ ಕಲೆ ಮಾತ್ರ ಇತ್ತು. ನೆಂಟರು ಬಂದು ನೋಡುವಾಗ ಗೋಡೆ ಖಾಲಿ ಇದ್ದರೆ ಮರ್ಯಾದೆ ಏನಾಗಬೇಕು?

ಉಪಾಯ ಹೇಳಿದವನು ನಾನೇ. ಧರ್ಮೇಶನಿಗೆ ಅಪ್ಪನದೇ ಮುಖ, ಅಪ್ಪ ಹೋದಾಗಿನ ವಯಸ್ಸು ಹತ್ತಿರ ಹತ್ತಿರ ಅವನಿಗೂ ಆಗಿತ್ತು. ಅಪ್ಪನ ಹಾಗೆ ಕ್ರಾಪು ಮಾಡಿಸಿ, ಬಿಳಿ ಅಂಗಿ ತೊಡಿಸಿ, ಕಪ್ಪು ಬಿಳುಪಿನಲ್ಲಿ ತೆಗೆದು ಅಂಚು ಮಂಕು ಮಾಡಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬದುಕಿರುವವನ ಚಿತ್ರಕ್ಕೆ ಹಾರ ಹಾಕಬಹುದೇ ಎಂದು ಧರ್ಮೇಶ್ ಒಂದು ಕ್ಷಣ ಅಳುಕಿದ. ಹೆಸರು ಅಪ್ಪನದು ಬರೆದ ಮೇಲೆ ಚಿತ್ರವೂ ಅಪ್ಪನದೇ ಎಂದು ನಾನು ಒಪ್ಪಿಸಿದೆ. ನಾಲಿಗೆಗೆ ಎಲುಬಿಲ್ಲ ನೋಡಿ.

ಕ್ರಾಪಿಗೆ ರಘುಪತಿಯನ್ನು ಬಿಟ್ಟರೆ ಇನ್ಯಾರು? ಹದಿನೆಂಟು ವರ್ಷ ತಿಂಗಳಿಗೊಮ್ಮೆ ನಾರ್ವೆಗೆ ಹೋಗಿ ಗೌಡರ ಅಂಗಳದಲ್ಲಿ ಕೂತು ಅವರ ಕ್ಷೌರ ಮಾಡಿದವನು ಅವನು. ವಿಷಯ ಹೇಳಿದ್ದೇ ತಡ, ಅವನ ಮುಖ ಅರಳಿತು. "ಸುಳಿ ಎಡಕ್ಕೆ, ಬೈತಲೆ ಬಲಕ್ಕೆ. ಕಣ್ ಮುಚ್ಚಿದ್ರೂ ಕಾಣ್ತದೆ ಮಾರಾಯ" ಎಂದ. ಎರಡು ತಿಂಗಳು ಕತ್ತರಿ ಮುಟ್ಟಿಸಬೇಡಿ ಎಂದು ಧರ್ಮೇಶನಿಗೆ ಕಟ್ಟಪ್ಪಣೆ ಮಾಡಿದ. ಆ ಎರಡು ತಿಂಗಳು ಅವನ ನಡಿಗೆಯೇ ಬದಲಾಗಿತ್ತು. ಕೊನೆಗಾಲದಲ್ಲಿ ತನ್ನ ವಿದ್ಯೆ ಒಬ್ಬರಿಗೆ ಬೇಕಾಯಿತು ಎಂಬ ಸಂತೋಷ. ನಾನು ಅದನ್ನು ಕಂಡು ಖುಷಿಪಟ್ಟೆ, ಈಗ ನಾಚಿಕೆಯಾಗುತ್ತದೆ.

ಗೊತ್ತುಮಾಡಿದ ದಿನ ಒಂದೂವರೆ ಗಂಟೆ ಕೆಲಸ ಮಾಡಿದ. ಒಂದೇ ಸಲ ತಳ್ಳಿದ. ಅಲೆ ಎದ್ದಿತು. ಧರ್ಮೇಶನನ್ನು ನನ್ನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ, ಲೈಟು ಹಾಕಿದೆವು. ಸರಿಯಾಗಿದೆಯೋ ಇಲ್ಲವೋ ಹೇಳಲು ಅವನ ತಾಯಿ ಅನ್ನಮ್ಮನೂ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರನ್ನು ರಘುಪತಿಯೇ ಕರೆದ. "ಬನ್ನಿ ಅಮ್ಮಾ, ಗೌಡ್ರು ಬಂದು ಕೂತಿದಾರೆ ನೋಡಿ."

ಅನ್ನಮ್ಮ ಪರದೆ ಸರಿಸಿ ಒಳಗೆ ಕಾಲಿಟ್ಟರು. ಮಗನನ್ನು ನೋಡಿದರು. ಎರಡೂ ಕೈ ತಾವಾಗಿ ಮೇಲೆದ್ದು ಎಡಗಿವಿಯನ್ನು ಮುಚ್ಚಿಕೊಂಡವು.

"ನೀರು ಕಾದಿದೆ" ಎಂದರು. "ಈಗ ತೋಡ್ತೀನಿ. ಈಗ್ಲೇ ತೋಡ್ತೀನಿ."

ಅರವತ್ತು ದಾಟಿದ ಹೆಂಗಸು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಕೈ ಇಳಿಸಿ ರಘುಪತಿಯ ಕಡೆ ತಿರುಗಿದರು.

"ಸುಳಿ ನೆನಪಿದೆ ನಿಂಗೆ, ಬೈತಲೆ ನೆನಪಿದೆ. ಆವತ್ತು ಸ್ನಾನದ ನೀರು ಕಾಯದು ತಡ ಆಗಿತ್ತಲ್ಲ, ಅದು ನೆನಪಿದ್ಯಾ? ಅರ್ಧ ಕ್ರಾಪಲ್ಲಿ, ನೀನು ಹೊದೆಸಿದ್ ಬಟ್ಟೇಲೇ ಎದ್ದು ಒಳಗೆ ಬಂದ್ರು. ಬಚ್ಚಲ ಬಾಗಿಲಿಗೆ ನನ್ ತಲೆ ಕುಟ್ಟಿದ್ರು. ನಾನು ಕೂಗಿದ್ದು ಅಂಗಳಕ್ಕೆ ಕೇಳ್ಲಿಲ್ವಾ ರಘುಪತಿ?"

"ಕೇಳಿತ್ತು ಅಮ್ಮಾ."

"ಅವ್ರು ತಿರ್ಗಾ ಬಂದು ಕೂತ್ರಲ್ಲ, ಆಗ ನೀನೆಂತ ಮಾಡ್ದೆ?"

ರಘುಪತಿ ಬಾಚಣಿಗೆಯನ್ನು ಜೇಬಿಗಿಳಿಸಿದ. ಅನ್ನಮ್ಮನೇ ಹೇಳಿದರು.

"ಕೆದರಿದ್ ಕೂದ್ಲು ಬಾಚ್ದೆ. ಕಿಟಕೀಲಿ ನೋಡಿದೀನಿ. ಚೆನ್ನಾಗೇ ಬಾಚ್ದೆ. ಈ ಕಿವಿ ಆವತ್ತಿಂದ ಕೇಳದಿಲ್ಲ."

ಧರ್ಮೇಶ್ ತಾಯಿಯ ಕಡೆ ತಿರುಗಲಿಲ್ಲ. ತಿರುಗಿದರೆ ಅಲೆ ಕೆಡುತ್ತಿತ್ತು. "ಅಮ್ಮಂಗೆ ವಯಸ್ಸಾಯ್ತು. ಗೃಹಪ್ರವೇಶಕ್ಕೆ ಹದಿನೈದೇ ದಿನ ಇರದು. ನೀವು ತೆಗೀರಿ" ಎಂದು ನನಗೆ ಹೇಳಿದ.

ನಾನು ತೆಗೆದೆ. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಫೋಟೋ ಅಷ್ಟು ಚೆನ್ನಾಗಿ ಬಂದದ್ದು ನನ್ನ ಜೀವಮಾನದಲ್ಲೇ ಇನ್ನೊಂದಿಲ್ಲ. ಗೃಹಪ್ರವೇಶದ ದಿನ ನೆಂಟರೆಲ್ಲ ಅದರ ಎದುರು ನಿಂತು, ಗೌಡರೇ ಎದ್ದು ಬಂದ ಹಾಗಿದೆ ಎಂದು ಬಾಯಿ ತುಂಬಾ ಹೊಗಳಿದರು. ಅನ್ನಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ತಿಂಗಳೊಪ್ಪತ್ತಾದ ಮೇಲೆ ರಘುಪತಿ ಒಬ್ಬನೇ ನಾರ್ವೆಗೆ ಹೋದ. ಧರ್ಮೇಶ್ ತೋಟದಲ್ಲಿದ್ದ. ಅಂಗಳದಲ್ಲಿ ನಿಂತು ಅನ್ನಮ್ಮನನ್ನು ಕರೆದು, ತಪ್ಪಾಯ್ತು ಅಮ್ಮಾ ಎಂದು ಕೈ ಮುಗಿದನಂತೆ. ಬಂದು ನನಗೆ ಹೇಳಿದ್ದು ಅವನೇ.

"ಎಂತ ಅಂದ್ರು?" ಎಂದೆ.

"ನಂಗೆಂತಕ್ಕೆ ಹೇಳ್ತೀಯ ಅಂದ್ರು. ಆವತ್ತು ಅವ್ರ ಮುಖ ನೋಡಿ ಒಂದ್ ಮಾತು ಹೇಳ್ಬೇಕಿತ್ತು, ಈಗ ಒಳಗೆ ಗೋಡೆ ಮೇಲೆ ಇದಾರೆ, ಹೋಗಿ ಹೇಳು ಅಂತ ಬಾಗ್ಲು ತೆಗೆದ್ರು."

ಹದಿನೆಂಟು ವರ್ಷ ಆ ಮನೆಯ ಅಂಗಳ ದಾಟದವನು ಅವತ್ತು ಒಳಗೆ ಹೋದ. ಅನ್ನಮ್ಮ ಹಿಂದೆ ನಿಂತು ಕಾಯುತ್ತಿದ್ದರಂತೆ.

"ಹೇಳಿದ್ಯಾ?" ಎಂದೆ.

ರಘುಪತಿ ಬಾಚಣಿಗೆಯ ಹಲ್ಲಿನಿಂದ ಕೂದಲು ಬಿಡಿಸುತ್ತಾ ಕೂತಿದ್ದ.

"ಅದು ಧರ್ಮೇಶ್ ಅಂತ ನಂಗೆ ಗೊತ್ತು. ನಾನೇ ಮಾಡಿದ್ ಕ್ರಾಪು ಅಂತಾನೂ ಗೊತ್ತು. ಆದ್ರೂ ಬಾಯಿ ಬರ್ಲಿಲ್ಲ ಮಾರಾಯ. ಕೈ ಕಟ್ಕಂಡು ನಿಂತಿದ್ದು ವಾಪಸ್ ಬಂದೆ."