ಏಳನೇ ಮಂಚದ ಅತ್ತೆಬೆಂಚು

ದವಾಖಾನೆ ಯಾವ ಊರಿನದೆಂದು ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯದು ಎಂದಷ್ಟೇ ತಿಳಿಯಿರಿ. ತಪ್ಪು ನನ್ನದು, ಊರಿನ ಹೆಸರು ಯಾಕೆ ಕೆಡಿಸಲಿ?

ನಿಜಾಮರ ಆಡಳಿತ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಸುರಪುರದಿಂದ ಬಂದ ನಾನು ಆಗಷ್ಟೇ ಕೆಲಸ ಕಲಿತ ನರ್ಸು. ಹೆಂಗಸರ ವಾರ್ಡಿನಲ್ಲಿ ಹನ್ನೆರಡು ಮಂಚ, ನಾವು ನಾಲ್ವರು. ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿ, ಹೊಸದಾಗಿ ಬಂದ ಡಾಕ್ಟರು ಬರೆಯುವುದು ಇಂಗ್ಲಿಷಿನಲ್ಲಿ. ಗುರುಮಠಕಲ್ ಕಡೆಯ ನರ್ಸು ಓದಿದ್ದು ತೆಲುಗು, ನಾನು ಓದಿದ್ದು ಕನ್ನಡ. ಎಲ್ಲವನ್ನೂ ಓದಬಲ್ಲವರು ನಮ್ಮ ಹಿರಿಯ ನರ್ಸ್ ಒಬ್ಬರೇ. ನಮ್ಮ ಸೀಮೆಯಲ್ಲಿ ನರ್ಸಿಗೆ ಬಾಯಿ ಎನ್ನುತ್ತಾರೆ; ವಾರ್ಡಿಗೆಲ್ಲ ಅವರು ದೊಡ್ಡಬಾಯಿ.

ಅದಕ್ಕೇ ಅವರು ಒಂದು ರೂಢಿ ಹಾಕಿದ್ದರು. ಪಾಳಿ ಬದಲಾಗುವಾಗ ಹೋಗುವವರೂ ಬರುವವರೂ ಕೂಡಿ ಮಂಚದಿಂದ ಮಂಚಕ್ಕೆ ನಡೆಯಬೇಕು. ಏನು ಕೊಟ್ಟಾಗಿದೆ, ಇನ್ನೇನು ಕೊಡಬೇಕು ಎಂಬುದನ್ನು ರೋಗಿಯ ಎದುರಿಗೇ ಬಾಯಿಬಿಟ್ಟು ಹೇಳಬೇಕು. ಅದಕ್ಕೂ ಮುಂಚೆ ಬಾಗಿಲ ಹತ್ತಿರ ನಿಂತು ಪ್ರತಿಯೊಬ್ಬಳೂ ತನ್ನ ತಪ್ಪು ಹೇಳಬೇಕು. ಮೊದಲು ಹೇಳುತ್ತಿದ್ದವರು ದೊಡ್ಡಬಾಯಿಯೇ. "ಇವತ್ತ ಸೂಜಿ ಕುದಿಯಾಕಿಟ್ಟು ಮರ್ತೆ. ನೀರೆಲ್ಲ ಬತ್ತಿ ಎರಡು ಸೂಜಿ ಹಾಳಾದ್ವು," ಎಂದು ಸಂತೆಯ ಸುದ್ದಿ ಹೇಳಿದಷ್ಟೇ ಸರಾಗವಾಗಿ ಹೇಳುವರು. ಸರ್ಕಾರಿ ನೌಕರಿಯಲ್ಲಿ ಯಾರಾದರೂ ತಾವಾಗಿಯೇ ತಪ್ಪು ಒಪ್ಪಿಕೊಳ್ಳುತ್ತಾರೆಯೇ? ಈಕೆಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿದ್ದೆ. ನನ್ನ ಸರದಿ ಬಂದಾಗ ಬಟ್ಟಲು ಒಡೆದೆ, ಬಾಗಿಲು ಹಾಕಲಿಲ್ಲ ಎನ್ನುವಂಥ, ಯಾರಿಗೂ ನೋವಾಗದ ತಪ್ಪುಗಳನ್ನು ಹುಡುಕಿ ಒಪ್ಪಿಸುತ್ತಿದ್ದೆ.

ಮುದನಾಳದ ಕಡೆಯಿಂದ ಕುರಿ ಸಾಕುವವರ ಮನೆಯ ಸೊಸೆಯೊಬ್ಬಳು ಬಾಣಂತಿ ಜ್ವರದಲ್ಲಿ ಬಂದಿದ್ದಳು. ಚೊಚ್ಚಲ ಹೆರಿಗೆ, ಏಳನೇ ಮಂಚ. ಬೆಳಗ್ಗೆ ಒಂದು, ಸಂಜೆ ಒಂದು ಪೆನಿಸಿಲಿನ್ ಸೂಜಿ, ಒಂದೂ ತಪ್ಪಬಾರದು, ತಪ್ಪಿದರೆ ಕೂಸಿಗೆ ತಾಯಿ ಇರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು.

ಅಂದು ಬೆಳಗ್ಗೆ ಆಕೆಯ ಅತ್ತೆ ಊರಿಂದ ಬಂದಿದ್ದಳು. ನನಗದು ಗೊತ್ತಿರಲಿಲ್ಲ. ಸೂಜಿ ಹಿಡಿದು ಹೋದೆ. ಮಂಚದ ಮೇಲೆ ತಲೆತುಂಬ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ಒಬ್ಬಳು ಮಲಗಿದ್ದಳು. ಕೆಳಗೆ ಚಾಪೆಯ ಮೇಲೆ ಕೂಸಿನ ಪಕ್ಕ ಇನ್ನೊಬ್ಬಳು. "ಸೂಜಿ ಮಾಡ್ತೀನವ್ವ," ಎಂದೆ. ಮಂಚದ ಮೇಲಿನವಳು ತಕರಾರಿಲ್ಲದೆ ಹೊರಳಿದಳು. ಚುಚ್ಚಿದೆ, ಹತ್ತಿಯಿಂದ ಉಜ್ಜಿದೆ, ಮುಂದೆ ಹೋದೆ. ಮುಖ ನೋಡಲಿಲ್ಲ.

ಹನ್ನೆರಡಕ್ಕೆ ಗಂಜಿ ಕೊಡಲು ಹೋದರೆ ಚಾಪೆಯ ಮೇಲೆ ಕೂಸಿನ ಪಕ್ಕ ಮಲಗಿದ್ದವಳು ಸೊಸೆ. ಹಣೆ ಹೆಂಚಿನ ಹಾಗೆ ಕಾದಿತ್ತು. ಮಂಚದ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ ಅತ್ತೆ ನನ್ನನ್ನು ನೋಡಿ ಮುಖ ಅರಳಿಸಿದಳು. "ಬಾಯಾರ, ನಿಮ್ಮ ಸೂಜಿ ಭಾಳ ಛಲೋ ಅದ ನೋಡ್ರಿ. ಮೊಣಕಾಲ ಬ್ಯಾನಿ ಅರ್ಧ ಹೋಗ್ಯಾದ!"

ಬೆಳಗ್ಗೆ ನಾನು ಚುಚ್ಚಿದ್ದು ಈಕೆಗೆ. ಔಷಧದ ಪೆಟ್ಟಿಗೆಯ ಬೀಗದ ಕೈ ದೊಡ್ಡಬಾಯಿಯ ಸೊಂಟದಲ್ಲಿತ್ತು. ಬೆಳಗಿನ ಔಷಧ ತೆಗೆದುಕೊಟ್ಟು ಮನೆಗೆ ಹೋದ ಅವರು ಮತ್ತೆ ಬರುವುದು ಎರಡು ಗಂಟೆಗೆ. ಮನೆ ದವಾಖಾನೆಯ ಹಿಂದೆಯೇ, ಓಡಿ ಹೋಗಿ ಕರೆಯಬಹುದಿತ್ತು. ಹೋಗಲಿಲ್ಲ. ಸುರಪುರದ ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪನನ್ನು ಹೊಸ ಸರ್ಕಾರ ಮನೆಗೆ ಕಳಿಸಿತ್ತು. ನನ್ನ ನೌಕರಿಯೂ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆಗೆ ಹೇಗೂ ಇನ್ನೊಂದು ಸೂಜಿ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಎರಡು ತಾಸು ಏಳನೇ ಮಂಚದ ಕಡೆ ತಲೆ ಎತ್ತಿ ನೋಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಎರಡಕ್ಕೆ ಬಾಗಿಲ ಹತ್ತಿರ ಸೇರಿದೆವು. ದೊಡ್ಡಬಾಯಿ ಶುರು ಮಾಡಿದರು: "ನಿನ್ನಿ ಏಳನೇ ಮಂಚದ ಹುಡಿಗಿ ಏನೋ ಹೇಳಾಕ ಬಂದಿದ್ಲು. ತಡಿ ಬಂದೆ ಅಂತ ಹೇಳಿ ಮರ್ತು ಮನಿಗಿ ಹೋದೆ. ಅದು ನನ್ನ ತಪ್ಪು."

ನನ್ನ ಸರದಿ. ಒಡೆದ ಬಟ್ಟಲೊಂದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಆಕಿ ಸೂಜಿ ಆಕಿ ಅತ್ತಿಗಿ ಮಾಡೀನ್ರಿ," ಎಂದವಳೇ ಅತ್ತುಬಿಟ್ಟೆ.

"ಅಳೂದು ಆಮ್ಯಾಲ," ಎಂದ ದೊಡ್ಡಬಾಯಿ ಆಗಲೇ ಪೆಟ್ಟಿಗೆಯ ಹತ್ತಿರ ಇದ್ದರು. ಗುರುಮಠಕಲ್ಲಿನವಳು ಔಷಧ ಒಗ್ಗದೆ ಅತ್ತೆಯ ಮೈಮೇಲೆ ಗಂಧೆ ಎದ್ದಿದೆಯೇ ಎಂದು ನೋಡಿದಳು. ಇಲ್ಲ, ಮುದುಕಿ ಗಟ್ಟಿಯಾಗಿದ್ದಳು. ಸೊಸೆಗೆ ಸೂಜಿ ಆಯಿತು. ಆಮೇಲೆ ದೊಡ್ಡಬಾಯಿ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ನನ್ನನ್ನಲ್ಲ, ಸೊಸೆಯನ್ನು ಕೇಳಿದರು. "ಮೈ ಸುಡಾಕತ್ತಿತ್ತು, ಮಂಚ ಬಿಟ್ಟು ಕೆಳಗ್ಯಾಕ ಮಲಗಿದ್ದಿ ಯವ್ವಾ?"

"ಅತ್ತಿ ಕೆಳಗ ಕುಂತಾಗ ನಾ ಮ್ಯಾಲ ಹ್ಯಾಂಗ ಮಲಗ್ಲಿರಿ?" ಅವಳ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು. ನಿನ್ನೆ ಹೇಳಬೇಕೆಂದಿದ್ದುದೂ ಅದೇ: ನಾಳೆ ಅತ್ತೆ ಬರ್ತಾಳೆ, ಏನು ಮಾಡಲಿ ಎಂದು. ಸೂಜಿ ನನ್ನದು ಎಂದು ಅತ್ತೆಯ ಎದುರಿಗೆ ಹೇಳುವುದಂತೂ ಅವಳಿಂದ ಆಗದ ಮಾತು. ಅತ್ತೆಯೋ, ದವಾಖಾನೆಗೆ ಬಂದವರಿಗೆಲ್ಲ ಒಂದೊಂದು ಸೂಜಿ ಮಾಡುತ್ತಾರೆ ಎಂದೇ ನಂಬಿದ್ದಳು.

ಸಂಜೆ ಬಂದ ಡಾಕ್ಟರು ಬೆಳಗಿನ ಸೂಜಿ ತಪ್ಪಿದ್ದು ಕೇಳಿ ಕೆಂಡವಾದರು. "ಯಾರು ಮಾಡಿದ್ದು ಇದು?"

"ನಮ್ಮ ವಾರ್ಡಿನಿಂದ ಆಗ್ಯಾದ್ರಿ ಸಾಹೇಬ್ರ. ಸರಿ ಮಾಡೀವಿ," ಎಂದರು ದೊಡ್ಡಬಾಯಿ. "ನಿಮ್ಮ ಕೋಣಿ ಮುಂದಿನ ಬೆಂಚು ಬೇಕಾಗ್ಯಾದ್ರಿ." ಡಾಕ್ಟರು ಎರಡು ಸಲ ಕೇಳಿದರು, ಎರಡು ಸಲವೂ ಅದೇ ಉತ್ತರ. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ.

ಬೆಂಚನ್ನು ನಾವೇ ಹೊತ್ತು ತಂದೆವು. ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಮಂಚಕ್ಕಿಂತ ಒಂದು ಗೇಣು ಎತ್ತರ ಮಾಡಿದೆವು. ಅತ್ತೆಯನ್ನು ಕೈಹಿಡಿದು ಹತ್ತಿಸಿ ಕೂರಿಸಿದಾಗ ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಸೊಸೆ ಒಮ್ಮೆ ಬೆಂಚು ನೋಡಿದಳು, ಒಮ್ಮೆ ಮಂಚ ನೋಡಿದಳು. ಆಮೇಲೆ ಕಾಲು ಚಾಚಿ ಮಲಗಿದಳು. ಅಂದಿನಿಂದ ಯಾರ ಅತ್ತೆ ಬಂದರೂ ಆ ಬೆಂಚು ಆ ಮಂಚದ ಬದಿಗೆ ಹೋಗುತ್ತಿತ್ತು. ಸೂಜಿಗೆ ಮುಂಚೆ ಮುಖ ನೋಡಿ ಊರು, ಮಂಚ ಕೇಳುವುದೂ ಅಂದೇ ಶುರುವಾಯಿತು.

ಮರುದಿನ ಬೆಳಗ್ಗೆ, ಇನ್ನು ನನಗೆ ಚಾದರ ಮಡಿಚುವ ಕೆಲಸವೇ ಗತಿ ಎಂದುಕೊಂಡು ಹೋದೆ. ದೊಡ್ಡಬಾಯಿ ತುಂಬಿದ ಸೂಜಿಯನ್ನು ನನ್ನ ಮುಂದೆ ಹಿಡಿದರು. "ಏಳನೇ ಮಂಚ ನಿಂದು."

ನಾನು ಕೈ ಚಾಚಲಿಲ್ಲ. ಉಳಿದದ್ದನ್ನೂ ಹೇಳದೆ ಅದನ್ನು ಮುಟ್ಟುವುದು ನನ್ನಿಂದ ಆಗಲಿಲ್ಲ. "ನನಗ ನಿನ್ನಿ ಹನ್ನೆರಡಕ್ಕ ಗೊತ್ತಾಗಿತ್ತುರಿ. ಎರಡು ತಾಸು ಸುಮ್ನ ಕುಂತೆ."

"ಗೊತ್ತದ," ಎಂದರು ದೊಡ್ಡಬಾಯಿ. "ಮುದುಕಿ ಹೇಳ್ಯಾಳ, ಮೊಣಕಾಲ ಸುದ್ದಿ ನಿನಗ ಗಂಜಿ ಹೊತ್ತಿನಾಗ ಹೇಳೀನಿ ಅಂತ. ನೀನ ಹೇಳ್ತಿ ಅಂತ ಕಾಯಾಕತ್ತಿದ್ದೆ. ಹಿಡಿ, ಔಷಧ ತಡ ಆಗ್ತದ."

ಹಿಡಿದೆ. ಊರು ಕೇಳಿದೆ, ಮಂಚ ಕೇಳಿದೆ, ಮುಖ ನೋಡಿದೆ. ಬೆಂಚಿನ ಮೇಲಿಂದ ಅತ್ತೆ, "ಇವತ್ತ ನನಗ ಇಲ್ಲೇನ್ರಿ?" ಎಂದಳು. ಸೊಸೆ ಸೆರಗು ಬಾಯಿಗೆ ಒತ್ತಿ ನಕ್ಕಳು. ನಾಲ್ಕನೇ ದಿನ ಅವಳ ಜ್ವರ ಬಿಟ್ಟಿತು.