ದಳಪತಿಯ ಗಂಡ

ಚೀನಾದ ಹಾನ್ ನದಿಯ ದಂಡೆಯಲ್ಲಿ, ಹಿಂದೆ ಹತ್ತಿ ಗಿರಣಿಯವರು ಕಟ್ಟಿಸಿದ ವಠಾರದಲ್ಲಿ, ರುಯಿಲಾನಳನ್ನು ಎಲ್ಲರೂ ದಳಪತಿ ಎಂದೇ ಕರೆಯುತ್ತಿದ್ದರು. ಅವಳ ಹತ್ತಿರ ಇದ್ದ ಆಯುಧವೆಂದರೆ ಒಂದು ಫೋನು. ವಠಾರದ ಎಲ್ಲ ಕಟ್ಟಡಗಳ ಜನರನ್ನೂ ಅದರೊಳಗೆ ಒಂದು ಗುಂಪಿಗೆ ಸೇರಿಸಿಕೊಂಡಿದ್ದಳು. ಇವತ್ತು ತಾವರೆ ಗೆಡ್ಡೆ, ನಾಳೆ ಬಾತುಕೋಳಿ ಮೊಟ್ಟೆ, ನಾಡಿದ್ದು ಗುಡ್ಡದ ಕಡೆಯ ಕಿತ್ತಳೆ, ಹೀಗೆ ಬೆಳಿಗ್ಗೆ ಎದ್ದು ಗುಂಪಿಗೆ ಬರೆದು ಹಾಕುವಳು. ಬೇಕಾದವರು ಅದರ ಕೆಳಗೆ ಒಬ್ಬರಾದ ಮೇಲೊಬ್ಬರು ತಮ್ಮ ಕಟ್ಟಡ, ಮನೆ, ಎಷ್ಟು ಬೇಕು ಎಂಬುದನ್ನು ಸೇರಿಸುತ್ತ ಹೋಗುವರು. ಅದಕ್ಕೆ ಸರಪಳಿ ಅನ್ನುತ್ತಾರೆ. ಸರಪಳಿ ಉದ್ದವಾದಷ್ಟೂ ಸಾಮಾನು ಅಗ್ಗ. ಮಾರನೆಯ ದಿನ ಗೇಟಿನ ಹತ್ತಿರ ಲಾರಿ ಬಂದು ಇಳಿಸಿ ಹೋಗುತ್ತದೆ, ಜನ ಚೀಲ ಹಿಡಿದು ಬರುತ್ತಾರೆ.

ಗಿರಣಿ ಇದ್ದ ಕಾಲದಲ್ಲಿ ಅವಳು ನೂಲಿನ ಎಳೆ ಕಡಿದಾಗ ಗಂಟು ಹಾಕುವ ಕೆಲಸದಲ್ಲಿದ್ದಳು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹುಡುಗಿಯರು ತುಟಿ ನೋಡಿಯೇ ಒಬ್ಬರಿಗೊಬ್ಬರು ಚಾಡಿ ಹೇಳಿಕೊಂಡು ನಗುತ್ತಿದ್ದರು. ಗಿರಣಿ ಮುಚ್ಚಿತು. ಒಟ್ಟಿಗೆ ಉಂಡವರು ಅವರವರ ಬಾಗಿಲು ಹಾಕಿಕೊಂಡರು. ಕೆಲವರು ಮನೆ ಮಾರಿ ಹೋದರು, ಯಾರು ಯಾರೋ ಬಂದರು. ರುಯಿಲಾನ್ ಬೆಳಗಿನ ಗೋಮಾಂಸದ ನೂಡಲ್ಸ್ ಅಂಗಡಿಯಲ್ಲಿ ಬಟ್ಟಲು ತೊಳೆದಳು, ಯಾರದೋ ಮಗುವನ್ನು ಎತ್ತಿ ಆಡಿಸಿದಳು. ಆಮೇಲೆ ಫೋನು ಬಂತು. ಅದರಲ್ಲಿ ವಠಾರ ಮತ್ತೆ ಒಟ್ಟಿಗೆ ಸೇರಿತು. ಮೊಮ್ಮಗನ ಚಿತ್ರಕ್ಕೆ ಬಹುಮಾನ ಬರಬೇಕು, ಎಲ್ಲರೂ ಒಂದೊಂದು ಸಲ ಒತ್ತಿ ಅನ್ನುವವರು. ಇಷ್ಟು ಮೆಚ್ಚುಗೆಯ ಹೆಬ್ಬೆರಳು ಒತ್ತಿಸಿಕೊಂಡರೆ ಹೊಸ ಹೋಟೆಲಿನಲ್ಲಿ ಒಂದು ತಟ್ಟೆ ಬಿಟ್ಟಿ, ಒತ್ತಿ ಪುಣ್ಯ ಕಟ್ಟಿಕೊಳ್ಳಿ ಅನ್ನುವವರು. ರುಯಿಲಾನ್ ಎಲ್ಲರಿಗೂ ಒತ್ತುತ್ತಿದ್ದಳು. ಯಾವುದರಲ್ಲಿ ಏನಿದೆ ಎಂದು ಓದುತ್ತಿರಲಿಲ್ಲ. ಓದಿ ಒತ್ತುವವರು ವಠಾರದಲ್ಲಿ ಯಾರೂ ಇರಲಿಲ್ಲ.

ಅವಳ ಗಂಡ ಲಾವೊ ಪೆಯ್ ಮಾತಿನ ಮನುಷ್ಯನಲ್ಲ. ಪೆಯ್ ಮನೆತನದ ಹೆಸರು, ಲಾವೊ ಅಂದರೆ ಹಳಬ; ವಯಸ್ಸಾದವರನ್ನೂ ಹಳೆಯ ಅಂಗಡಿಗಳನ್ನೂ ಹಾಗೆ ಕರೆಯುವುದು ವಾಡಿಕೆ. ಲಾರಿಯಿಂದ ಇಳಿಸುವುದು, ವಯಸ್ಸಾದವರ ಪಾಲನ್ನು ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತುವುದು ಅವನ ಕೆಲಸ. ಗುಂಪಿನಲ್ಲಿ ಅವನ ಹೆಸರಿರಲಿಲ್ಲ. ಫೋನು ಅವನಿಗೆ ಆಗಿಬರುತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ. ಒಂದು ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವನು ಹಾಗೇ ಹೋಗಿಬಿಟ್ಟ. ಡಾಕ್ಟರು ಬಂದು ನೋಡಿದರು, ಗಾಡಿ ಬಂದು ಒಯ್ದಿತು. ರುಯಿಲಾನ್ ಮನೆಗೆ ಬಂದು ಅವನ ಬಟ್ಟಲು ತೊಳೆದಿಟ್ಟಳು. ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಕಿತ್ತಳೆಯ ಬರಹವನ್ನು ಮುಗಿಸಿ ಗುಂಪಿಗೆ ಕಳಿಸಿದಳು. ಅಳು ಬರಲಿಲ್ಲ. ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೈದುನನಿಗೆ ಫೋನು ಮಾಡಿದಳು.

ಮೈದುನ ದೆಮಾವ್ ಮರುದಿನ ಹಳ್ಳಿಯಿಂದ ಬಂದ. ಬಂದವನು ಚಹಾ ಕುಡಿಯುವ ಮೊದಲೇ ಮಾತು ತೆಗೆದ.

"ಅತ್ತಿಗೆ, ಸುಟ್ಟ ಮೇಲೆ ಬೂದಿ ನಾನು ತಗೊಂಡು ಹೋಗ್ತೀನಿ. ಅಪ್ಪನ ಪಕ್ಕದಲ್ಲಿ ಜಾಗ ಇದೆ."

"ಇಲ್ಲೂ ಜಾಗ ಇದೆ," ಎಂದಳು ರುಯಿಲಾನ್. "ಗುಡ್ಡದ ಕೆಳಗಿನ ಸ್ಮಶಾನ. ಬಸ್ಸು ಹೋಗುತ್ತೆ. ಹಿರಿಯರ ಹಬ್ಬಕ್ಕೆ ಹೋಗಿ ಸಮಾಧಿ ಗುಡಿಸಿ ಬರಬಹುದು. ನಿಮ್ಮ ಊರಿಗೆ ನಾನು ವರ್ಷಕ್ಕೊಂದ್ಸಲ ಬಂದ್ರೆ ಹೆಚ್ಚು."

"ನೀವೊಬ್ರು ಹೋಗಿ ಗುಡಿಸ್ತೀರಿ. ಇಲ್ಲಿ ಇನ್ಯಾರಿದ್ದಾರೆ ಅವನಿಗೆ? ನಮ್ಮೂರಲ್ಲಿ ಒಬ್ರು ಹೋದ್ರೆ ಇಡೀ ಬೀದಿ ಒಲೆ ಹಚ್ಚಲ್ಲ."

"ಇಲ್ಲೂ ಜನ ಇದ್ದಾರೆ."

"ಎಲ್ಲಿ? ಅದರೊಳಗಾ?" ದೆಮಾವ್ ಅವಳ ಕೈಯ ಫೋನನ್ನು ಗಲ್ಲದಿಂದ ತೋರಿಸಿದ. "ಅದರೊಳಗಿರೋರಿಗೆ ಕಾಲಿಲ್ಲ ಅತ್ತಿಗೆ. ಬರೀ ಹೆಬ್ಬೆರಳು."

ಆ ಮಾತು ಎಲ್ಲೋ ದೂರದಲ್ಲಿ ಬಿದ್ದ ಹಾಗೆ ಅವಳಿಗೆ ಕೇಳಿಸಿತು. ಕೊನೆಗೆ ದೆಮಾವನೇ ಹೇಳಿದ: "ಆಯ್ತು. ಗುರುವಾರ ಬೆಳಿಗ್ಗೆ ತಾನೇ ಸುಡೋದು? ಒಂದು ಬಸ್ಸು ಮಾಡೋಣ. ಬಸ್ಸು ತುಂಬಾ ಜನ ಅಣ್ಣನ್ನ ಕಳಿಸೋಕೆ ಬಂದ್ರೆ ನಾನು ಬಾಯಿ ಮುಚ್ಕೊಂಡು ಊರಿಗೆ ಹೋಗ್ತೀನಿ. ಇಲ್ಲೇ ಮಣ್ಣು ಮಾಡಿ. ತುಂಬ್ಲಿಲ್ಲ ಅಂದ್ರೆ ಅವನು ನನ್ನ ಜೊತೆ ಬರ್ತಾನೆ."

ರುಯಿಲಾನ್ ಒಪ್ಪಿದಳು. ಒಪ್ಪಿ, ಗುಂಪಿಗೆ ಬರೆಯಲು ಕೂತಳು. ಜನ ತಿನ್ನುವ ಸಾಮಾನು ತರಿಸಿಕೊಳ್ಳುವ ಜಾಗದಲ್ಲಿ ಸಾವು ಎಂಬ ಮಾತು ಹಾಕಬಾರದು. ನೋಡಿದವರಿಗೆ ಅಪಶಕುನ. ಹಾಗಾಗಿ ಅದನ್ನು ಬಿಟ್ಟಳು. ಹೊಸದಾಗಿ ಬರೆಯಲು ಬೆರಳು ಬರಲಿಲ್ಲ. ಕಿತ್ತಳೆಯ ಬರಹವನ್ನೇ ತೆಗೆದು, ಕಿತ್ತಳೆ ಇದ್ದ ಕಡೆ ಬೇರೆ ಹಾಕಿದಳು. ಸತ್ತವರಿಗೆ ಹೂವಿಡಲು ಬಂದವರಿಗೆ ಒಂದು ಟವೆಲ್ಲು, ಬಾಯಿಗೆ ಸಿಹಿ ಕೊಟ್ಟು ಕಳಿಸುವುದು ಕ್ರಮ. ಅದನ್ನೂ ಸೇರಿಸಿದಳು. ಕೊನೆಗೆ ಗುಂಪಿಗೆ ಹೋದದ್ದು ಇಷ್ಟು:

"ಲಾವೊ ಪೆಯ್ ಹೋದರು. ಗುರುವಾರ ಬೆಳಿಗ್ಗೆ, ಗೇಟಿನ ಹತ್ತಿರ. ಬಂದವರಿಗೆ ಟವೆಲ್ಲು, ಮಿಠಾಯಿ. ಬರುವವರು ಕೆಳಗೆ ಸೇರಿಕೊಳ್ಳಿ."

ಫೋನಿನ ಸದ್ದು ಅಡಗಿಸಿ ಮೇಜಿನ ಮೇಲಿಟ್ಟಳು. ಸಂಜೆ ದೆಮಾವ್ ಸಿಗರೇಟು ಸೇದುತ್ತ ಅದರ ಮೇಲೆ ಕಣ್ಣು ಹಾಯಿಸಿದ. ಸರಪಳಿ ಬೆಳೆಯುತ್ತಿತ್ತು. ಮೂರನೇ ಕಟ್ಟಡ, ಒಬ್ಬರು. ಏಳನೇ ಕಟ್ಟಡ, ಇಬ್ಬರು. ನೋಡುತ್ತಿದ್ದ ಹಾಗೇ ಇನ್ನೊಂದು, ಮತ್ತೊಂದು. ಅವನು ಸಿಗರೇಟು ಆರಿಸಿದ.

"ಇಷ್ಟೊಂದು ಜನಕ್ಕೆ ಅಣ್ಣ ಬೇಕಾಗಿದ್ನಾ?" ಎಂದ. ದನಿ ಬದಲಾಗಿತ್ತು. "ಒಂದು ಬಸ್ಸು ಸಾಲದು ಅತ್ತಿಗೆ. ಎರಡು ಹೇಳ್ತೀನಿ."

ರುಯಿಲಾನ್ ತಲೆಯಾಡಿಸಿದಳು. ಗೆದ್ದೆ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ.

ಗುರುವಾರ ಬೆಳಿಗ್ಗೆ ಎರಡು ಬಸ್ಸುಗಳು ಗೇಟಿನ ಹೊರಗೆ ನಿಂತವು. ರುಯಿಲಾನ್ ಕೈಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ಎದೆಗೆ ಚುಚ್ಚಿಕೊಳ್ಳುವ ಬಿಳಿ ಕಾಗದದ ಹೂಗಳ ಪೆಟ್ಟಿಗೆ ಹಿಡಿದು ನಿಂತಳು. ಜನ ಬಂದರು. ಹೇಳಿದ ಹೊತ್ತಿಗೆ, ಗುಂಪು ಗುಂಪಾಗಿ ಬಂದರು. ಬಂದವರೆಲ್ಲರ ಕೈಯಲ್ಲೂ ಚೀಲ. ಕೆಲವರು ಚಕ್ರದ ಚೀಲ ಎಳೆದುಕೊಂಡು ಬಂದಿದ್ದರು. ಒಬ್ಬ ಹೆಂಗಸು ರಾತ್ರಿಯ ಅಂಗಿಯ ಮೇಲೆ ಕೋಟು ಹಾಕಿಕೊಂಡು ಬಂದಿದ್ದಳು.

"ದಳಪತಿ ಅಕ್ಕಾ, ಟವೆಲ್ಲು ಎಲ್ಲಿ? ಬಣ್ಣ ಆರಿಸ್ಕೋಬಹುದಾ?"

"ನಾನು ಎರಡು ಬರೆದಿದ್ದೆ, ನೆನಪಿರಲಿ."

"ಅಂಗಡಿ ಖಾಲಿ ಮಾಡ್ತಿದ್ದಾರೆ ಅಂದ್ರಲ್ಲ, ಬರೀ ಟವೆಲ್ಲಾ? ಹಾಸಿಗೆ ಹೊದಿಕೆ ಇಲ್ವಾ?"

ರುಯಿಲಾನಳಿಗೆ ಮೊದಲು ಅರ್ಥವಾಗಲಿಲ್ಲ. ಆರನೇ ಮಹಡಿಯ ಗೊಂಗ್ ಅಜ್ಜಿ ಚಕ್ರದ ಚೀಲಕ್ಕೆ ಒರಗಿ ನಿಂತು ಬಿಡಿಸಿ ಹೇಳಿದಳು. "ನಾನೂ ಕೇಳ್ದೆ ಕಣಮ್ಮ, ಈ ಲಾವೊ ಪೆಯ್ ಅನ್ನೋದು ಯಾವ ಅಂಗಡಿ ಅಂತ. ಲಾವೊ ಗಾನ್ ಖಾರದೆಣ್ಣೆ, ಲಾವೊ ಯಾಂಗ್ ಉಪ್ಪಿನಕಾಯಿ ಗೊತ್ತು, ಇದು ಗೊತ್ತಿಲ್ಲ. ಯಾರೋ ಹೇಳಿದ್ರು, ಲಾವೊ ಪೆಯ್ ಬಾಗಿಲು ಹಾಕ್ಕೊಂಡು ಹೋಗ್ತಿದ್ದಾರಂತೆ, ಇದ್ದದ್ದೆಲ್ಲ ಬಿಟ್ಟಿ ಕೊಡ್ತಾರಂತೆ, ದಳಪತಿ ಹಾಕಿದ್ಮೇಲೆ ಮೋಸ ಇರಲ್ಲ ಅಂತ. ನಾನೂ ಸೇರಿಸ್ದೆ."

"ಲಾವೊ ಪೆಯ್ ನನ್ನ ಗಂಡ," ಎಂದಳು ರುಯಿಲಾನ್.

ರಾತ್ರಿಯ ಅಂಗಿಯವಳು ಕೋಟಿನ ಗುಂಡಿ ಹಾಕಿಕೊಂಡಳು.

"ಯಾರು, ಗೆಡ್ಡೆ ಹೊತ್ತು ತರ್ತಿದ್ನಲ್ಲ ಅವನಾ?" ಗೊಂಗ್ ಅಜ್ಜಿ ಕೇಳಿದಳು. "ಅಯ್ಯೋ. ಅವನ ಹೆಸರು ಪೆಯ್ ಅಂತಲಾ?"

ಹಿಂದಿದ್ದವರಲ್ಲಿ ಒಬ್ಬನಿಗೆ ಮಗುವನ್ನು ಶಾಲೆಗೆ ಬಿಡುವುದು ನೆನಪಾಯಿತು. ಇನ್ನೊಬ್ಬಳು ಒಲೆಯ ಮೇಲೆ ಗಂಜಿ ಇಟ್ಟು ಬಂದಿದ್ದೇನೆ ಎಂದು ಅಲ್ಲೇ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿ ಹೋದಳು. ಹೋಗುವವರು ಚೀಲವನ್ನು ಮಡಿಸಿ ಕಂಕುಳಲ್ಲಿ ಅಡಗಿಸಿಕೊಂಡು ಹೋದರು. ಗೊಂಗ್ ಅಜ್ಜಿ ಚಕ್ರದ ಚೀಲವನ್ನು ಕಾವಲುಗಾರನ ಕೋಣೆಗೆ ತಳ್ಳಿ, "ನನ್ನನ್ನ ಹತ್ತಿಸ್ರೋ ಯಾರಾದ್ರೂ, ಮೆಟ್ಟಿಲು ಎತ್ತರ ಇದೆ," ಎಂದಳು. ಅವಳ ಹಿಂದೆ ಕೆಲವರು ಹತ್ತಿದರು, ಹೆಚ್ಚಿನವರು ಮುದುಕರು. ಎರಡನೆಯ ಬಸ್ಸನ್ನು ವಾಪಸು ಕಳಿಸಿದರು. ಮೊದಲನೆಯದು ಅರ್ಧವೂ ತುಂಬಲಿಲ್ಲ.

ದೆಮಾವ್ ಡ್ರೈವರಿನ ಹಿಂದೆ ಕೂತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು. ಆಡಿಕೊಳ್ಳಬಹುದಿತ್ತು, ಆಡಿಕೊಳ್ಳಲಿಲ್ಲ. ಅದೇ ಅವಳಿಗೆ ಹೆಚ್ಚು ಭಾರವಾಗಬೇಕಿತ್ತು. ಅವಳು ಕಿಟಕಿಯಾಚೆ ನೂಡಲ್ಸ್ ಅಂಗಡಿಗಳ ಹಬೆ ನೋಡುತ್ತ ಕೂತಳು.

ಹಿಂದಿನ ಸೀಟುಗಳಲ್ಲಿ ಮುದುಕರು ಮಾತಾಡಿಕೊಳ್ಳುತ್ತಿದ್ದರು.

"ನಮ್ಮನೆಗೆ ಬಂದಾಗ ಒಳಗೆ ಬಾ ಅಂದ್ರೆ ಬರ್ತಿರ್ಲಿಲ್ಲ. ಚಪ್ಪಲಿ ಕೊಳೆ ಅಂತಿದ್ದ."

"ನಮ್ಮನೇಲಿ ಬರ್ತಿದ್ದ. ನಮ್ಮೋರ ಜೊತೆ ಚದುರಂಗ ಆಡ್ತಿದ್ದ. ಬರೀ ಸೋಲ್ತಿದ್ದ. ಬೇಕಂತ ಸೋಲ್ತಿದ್ನೋ ಏನೋ."

"ನನಗೆ ಬಲ್ಬು ಹಾಕಿ ಕೊಟ್ಟಿದ್ದ. ಹೆಸರು ಕೇಳಿದ್ದೆ, ದಳಪತಿ ಗಂಡ ಅಂದ್ಬಿಟ್ಟ. ನಾನೂ ಹಾಗೇ ಕರೀತಿದ್ದೆ, ಏ ದಳಪತಿ ಗಂಡ ಅಂತ."

ರುಯಿಲಾನ್ ತಿರುಗಿ ನೋಡಲಿಲ್ಲ. ಅವನು ಚದುರಂಗ ಆಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಮೇಲೆ ಹತ್ತಿ ಹೋದವನು ತಡವಾಗಿ ಬಂದಾಗ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದುಂಟು. ಉತ್ತರ ಬರುವಷ್ಟರಲ್ಲಿ ಕಣ್ಣು ಫೋನಿನ ಮೇಲಿರುತ್ತಿತ್ತು.

ಸುಡುವ ಜಾಗದಲ್ಲಿ ಎಲ್ಲ ಬೇಗ ಮುಗಿಯಿತು. ಬಂದವರು ಸಾಲಾಗಿ ನಿಂತು ಮೂರು ಸಲ ಬಗ್ಗಿದರು, ಎದೆಯ ಹೂವು ತೆಗೆದಿಟ್ಟರು. ರುಯಿಲಾನ್ ಟವೆಲ್ಲು, ಮಿಠಾಯಿ ಹಂಚಿದಳು. ಎರಡು ಬೇಕೆಂದಿದ್ದ ಹೆಂಗಸು ಒಂದೇ ತೆಗೆದುಕೊಂಡಳು. ಒಳಗಿನಿಂದ ಕೆಂಪು ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆ ಬಂತು. ಕೊಡುವವನು ಪೂರ್ತಿ ಹೆಸರು ಕೂಗಿದ: ಪೆಯ್ ದೆಹೌ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ.

ದೆಮಾವ್ ಮುಂದೆ ಹೋಗಲಿಲ್ಲ. "ನೀವೇ ತಗೊಳ್ಳಿ ಅತ್ತಿಗೆ," ಎಂದ. "ಬಸ್ಸಿನ ಮಾತು ಬಿಡಿ. ನಾನು ಏನೋ ಅಂದೆ. ಇಷ್ಟು ಜನ ಬಂದ್ರಲ್ಲ."

ರುಯಿಲಾನ್ ಪೆಟ್ಟಿಗೆ ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನು ಮೈದುನನ ಕೈಗೆ ಕೊಟ್ಟಳು.

"ಊರಿಗೆ ತಗೊಂಡು ಹೋಗು."

"ಯಾಕೆ?"

"ಅಲ್ಲಿಯವರಿಗೆ ಅವರ ಹೆಸರು ಗೊತ್ತಿದೆ," ಎಂದಳು. ಅಷ್ಟೇ ಹೇಳಿದಳು. ದೆಮಾವ್ ಪೆಟ್ಟಿಗೆ ಹಿಡಿದು ನಿಂತ. ಆಮೇಲೆ ಅಲ್ಲೇ ಎದುರಿಗೆ ಸಿಕ್ಕ ಹಳ್ಳಿ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ, ಹತ್ತಿ ಹೋದ. ಕಿಟಕಿಯಲ್ಲಿ ಕೆಂಪು ಬಟ್ಟೆ ಒಂದು ಸಲ ಕಂಡಿತು.

ವಾಪಸು ಬರುವಾಗ ಗೊಂಗ್ ಅಜ್ಜಿ ಅವಳ ಪಕ್ಕ ಬಂದು ಕೂತಳು. ರುಯಿಲಾನಳ ಮಡಿಲಲ್ಲಿ ಫೋನು ಬೆಳಗುತ್ತಿತ್ತು. ಗೇಟಿಗೆ ಬಾರದವರು, ಬಂದು ಏನೂ ತಿಳಿಯದೆ ಹೋದವರು ಕೇಳುತ್ತಿದ್ದರು: ಲಾವೊ ಪೆಯ್ ಟವೆಲ್ಲು ಯಾವಾಗ ಬರುತ್ತೆ? ಸರಪಳಿಯಲ್ಲಿ ನನ್ನ ಹೆಸರಿದೆ, ನನ್ನ ಪಾಲು ಇಟ್ಟಿರಿ. ರುಯಿಲಾನ್ ಅಕ್ಷರಗಳನ್ನು ನೋಡಿದಳು. ಬೆರಳು ಎತ್ತಿದಳು, ಏನು ಬರೆಯಬೇಕೋ ತಿಳಿಯದೆ ಇಳಿಸಿದಳು.

"ಇಲ್ಲಿ ಕೊಡು," ಎಂದು ಗೊಂಗ್ ಅಜ್ಜಿ ಫೋನು ಕಸಿದುಕೊಂಡು, ದನಿ ಕಳಿಸುವ ಗುಂಡಿ ಒತ್ತಿ, ಬಾಯಿಗೆ ಹತ್ತಿರ ಹಿಡಿದು ಕೂಗಿದಳು. "ಟವೆಲ್ಲಂತೆ ಟವೆಲ್ಲು! ನಿಮ್ಮನೆ ಗೆಡ್ಡೆ ಹೊತ್ತೋನು ಸತ್ತಿದ್ದಾನೆ ಕಣ್ರಯ್ಯಾ! ದಳಪತಿ ಗಂಡ! ಇವತ್ತು ಸುಟ್ಟು ಬರ್ತಿದ್ದೀವಿ. ಮೇಲಿಂದ ಓದ್ರೋ, ಕಣ್ಣಿಲ್ವಾ!"

ಆಮೇಲೆ ಯಾರೋ ಒಂದು ಮೇಣದ ಬತ್ತಿಯ ಚಿತ್ರ ಹಾಕಿದರು. ಅದರ ಕೆಳಗೆ ಇನ್ನೊಬ್ಬರು ಅದನ್ನೇ ಹಾಕಿದರು. ಕೈ ಮುಗಿದ ಚಿತ್ರ, ಮತ್ತೆ ಬತ್ತಿ, ಮತ್ತೆ ಬತ್ತಿ. ದಳಪತಿಯ ಗಂಡ ಸುಖವಾಗಿ ಹೋಗಿಬರಲಿ ಎಂದು ಒಬ್ಬರು ಬರೆದರು. ಅಕ್ಷರ ಒಂದೂ ಬದಲಾಗದೆ ಆ ಸಾಲೇ ಕೆಳಗೆ ಕೆಳಗೆ ಬರತೊಡಗಿತು. ಮಡಿಲಲ್ಲಿ ಫೋನು ಗುಯ್‌ಗುಡುತ್ತಲೇ ಇತ್ತು. ರುಯಿಲಾನ್ ಅದನ್ನು ಮಗುಚಿಟ್ಟಳು. ಕಿಟಕಿಗೆ ತಲೆ ಒರಗಿಸಿದಳು. ಬಸ್ಸು ಸೇತುವೆ ಹತ್ತುವ ಮೊದಲೇ ಅವಳಿಗೆ ನಿದ್ದೆ ಬಂತು.