ಝೇವಿಯರನ ವ್ಯಾನೂ ದೇಯಿಯಕ್ಕನ ನೀರೂ

ಝೇವಿಯರನ ವ್ಯಾನಿಗೆ ಏರು ಕಂಡರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಕಾವೂರಿನಿಂದ ಗತ್ತಿನಲ್ಲೇ ಹೊರಡುತ್ತಿತ್ತು. ಬಿಜೈ ಕಡೆಯ ಏರು ಎದುರಾದದ್ದೇ ತಡ, ಜಂಭವೆಲ್ಲ ಇಳಿದುಹೋಗುತ್ತಿತ್ತು. ಏರಿನ ಬುಡದಲ್ಲಿ ಜನ ಯಾರೂ ಹೇಳದೆ ತಾವಾಗಿ ಇಳಿಯುತ್ತಿದ್ದರು. ಹೆಂಗಸರು ನಡೆಯುತ್ತಿದ್ದರು, ಗಂಡಸರು ಹಿಂದಿನಿಂದ ದೂಡುತ್ತಿದ್ದರು. "ಟಿಕೆಟು ಕೊಟ್ಟು ವ್ಯಾನನ್ನು ನಾವೇ ಕರ್ಕೊಂಡು ಹೋಗುದು ನಮ್ಮ ಊರಲ್ಲಿ ಮಾತ್ರ ಮಾರಾಯ್ರೆ" ಎಂದು ದರ್ಜಿ ಅಣ್ಣು ದಿನವೂ ಗೊಣಗುತ್ತಿದ್ದ. ದಿನವೂ ದೂಡುತ್ತಿದ್ದ.

ಅದು ಮಹಾಯುದ್ಧಕ್ಕಿಂತ ಮುಂಚಿನ ವ್ಯಾನು. ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ತನ್ನ ಡ್ರೈವರ್ ಝೇವಿಯರನಿಗೇ ಅದನ್ನು ಬಿಟ್ಟುಹೋಗಿದ್ದ. ಮರದ ಬಾಡಿ ಗಟ್ಟಿಮುಟ್ಟಾಗಿತ್ತು, ಎಂಜಿನು ಮಾತ್ರ ಮುದಿಯಾಗಿತ್ತು.

ಏರಿನ ಅರ್ಧದಲ್ಲಿ, ತಿರುವಿಗೆ ತಾಗಿಕೊಂಡು ದೇಯಿಯಕ್ಕನ ಮನೆ. ಅಲ್ಲಿಗೆ ತಲಪುವಾಗ ರೇಡಿಯೇಟರು ಕೊತಕೊತ ಕುದಿಯುತ್ತಿತ್ತು. ವ್ಯಾನಿನ ನರಳಾಟ ಕೇಳಿಸಿದ ಕೂಡಲೇ ದೇಯಿಯಕ್ಕ ಬಾವಿಯಿಂದ ನೀರು ಸೇದಿ, ಕೊಡಪಾನ ಹಿಡಿದು ರಸ್ತೆಗೆ ಬಂದು ನಿಲ್ಲುತ್ತಿದ್ದಳು. ಝೇವಿಯರ್ ಗೋಣಿ ತುಂಡು ಹಿಡಿದು ಮುಚ್ಚಳ ತಿರುಗಿಸುತ್ತಿದ್ದ, ಅವಳು ಚೆಂಬಿನಿಂದ ಹೊಯ್ಯುತ್ತಿದ್ದಳು. ಬದಲಿಗೆ ಏನಾದರೂ ಕೊಡಹೋದರೆ, "ನೀರಿಗೆ ಎಂತ ಕೊಡುದು ಪೊರ್ಬುಗಳೇ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಊರಿನವರು ಕ್ರಿಸ್ತುವರನ್ನೆಲ್ಲ ಪೊರ್ಬು ಎಂದೇ ಕರೆಯುವುದು.

ಐವತ್ತೇಳರ ಬೇಸಗೆಯಲ್ಲಿ ದೇಯಿಯಕ್ಕನ ಮಗಳು ಗುಲಾಬಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ಸೂಲಗಿತ್ತಿ ಕೈಚೆಲ್ಲಿದಳು. ಝೇವಿಯರ್ ಗುಲಾಬಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಉಳಿದರ್ಧ ಏರಿನಲ್ಲಿ ಎಂಜಿನು ನಿಂತಿತು, ನಿಂತದ್ದು ನಿಂತೇಬಿಟ್ಟಿತು. ಕೊನೆಗೆ ಗುಲಾಬಿಯನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಬೇಕಾಯಿತು. ಗುಲಾಬಿ ಉಳಿದಳು, ಮಗು ಉಳಿಯಲಿಲ್ಲ.

ಝೇವಿಯರ್ ಕೆಲವು ದಿನ ವ್ಯಾನು ತೆಗೆಯಲಿಲ್ಲ. ಮತ್ತೆ ತೆಗೆದ ಬೆಳಿಗ್ಗೆ, ಆ ತಿರುವಿನಲ್ಲಿ ದೇಯಿಯಕ್ಕ ಕೊಡಪಾನ ಹಿಡಿದು ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ಅವನು ಮಾತು ಹುಡುಕುತ್ತಿರುವಾಗಲೇ ಹೇಳಿದಳು: "ಮುಚ್ಚಳ ತೆಗೀರಿ. ಅದಕ್ಕೆ ಬಾಯಾರುದಿಲ್ವಾ?"

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಈ ನೀರು ಸಹಿಸಲಾಗಲಿಲ್ಲ. ಬಾನೆಟ್ಟಿನ ಮರೆಯಲ್ಲಿ ನಿಂತು ಅತ್ತುಬಿಟ್ಟ.

ಮರುವರ್ಷ ಗುಲಾಬಿ ಮತ್ತೆ ಬಸುರಿಯಾದಳು. ಸುದ್ದಿ ಕಿವಿಗೆ ಬಿದ್ದ ದಿನವೇ ಝೇವಿಯರ್ ವ್ಯಾನನ್ನು ಬಂದರಿನ ಮೆಕ್ಯಾನಿಕ್ ಅಯ್ಯೂಬನ ಶೆಡ್ಡಿಗೆ ಒಯ್ದ. ಮಿಲಿಟರಿಯವರು ಹರಾಜಿನಲ್ಲಿ ಮಾರಿದ್ದ ಲಾರಿಯೊಂದರ ಆರು ಸಿಲಿಂಡರಿನ ಎಂಜಿನು ಅಲ್ಲಿ ಗೋಣಿ ಹೊದ್ದು ಬಿದ್ದುಕೊಂಡಿತ್ತು.

"ಗುಲಾಬಿಗೆ ದಿನ ತುಂಬುವ ಮೊದಲು ಇದು ಏರು ಹತ್ತಬೇಕು" ಎಂದ ಝೇವಿಯರ್.

ಅಯ್ಯೂಬ್ ವ್ಯಾನಿನ ಅಡಿಗೆ ನುಸುಳಿ ಹೊರಬಂದ. "ಎಂಜಿನು ಮಾತ್ರ ಹಾಕಿದ್ರೆ ಇದರ ಗೇರ್‌ಬಾಕ್ಸು ಪುಡಿ ಆಗ್ತದೆ ಪೊರ್ಬು. ಲಾರಿಯದ್ದು ನಾಲ್ಕು ಗೇರಿನ ಬಾಕ್ಸು ಉಂಟು, ಅದನ್ನೂ ಹಾಕುವ. ಆದರೆ ಎರಡೂ ಸೇರಿದರೆ ಉದ್ದ ಆಗ್ತದೆ."

ಉದ್ದವಾಯಿತು. ಮುಂದಿನ ಅಡ್ಡಪಟ್ಟಿ ಕತ್ತರಿಸಿ ಬೇರೆ ಬೆಸೆದರು. ಎಂಜಿನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಶಾಫ್ಟನ್ನು ಲೇತಿಗೆ ಒಯ್ದು ಗಿಡ್ಡ ಮಾಡಿಸಿದರು. ದೊಡ್ಡ ರೇಡಿಯೇಟರು ಬಂತು, ಅದಕ್ಕಾಗಿ ಬಾನೆಟ್ಟು ಮೂತಿ ಮುಂದೆ ಮಾಡಿತು. ಹೆಂಡತಿ ಆನಿ ನೋಡಿ, "ಇದೆಂತ, ಮುಖ ಸೊಟ್ಟ ಮಾಡಿ ಇಟ್ಟಿದ್ದೀರಿ!" ಎಂದು ನಕ್ಕಳು. ಅಷ್ಟು ಹೇಳಿ ಎಂಜಿನಿನ ಮೇಲೆ ಶಿಲುಬೆಯ ಗುರುತು ಮಾಡಿದಳು.

ವ್ಯಾನಿಗೇನೋ ಶಕ್ತಿ ಬಂತು. ಜನರಿಗೆ ನಂಬಿಕೆ ಬರಲಿಲ್ಲ. ಏರಿನ ಬುಡ ಬಂದ ಕೂಡಲೇ ಅಭ್ಯಾಸಬಲದಿಂದ ಎಲ್ಲರೂ ಎದ್ದು ನಿಲ್ಲುವರು. "ಕೂತ್ಕೊಳ್ಳಿ ಮಾರಾಯ್ರೆ, ಕೂತ್ಕೊಳ್ಳಿ!" ಎಂದು ಕೂಗಿ ಕೂಗಿ ಝೇವಿಯರನ ಗಂಟಲು ಬತ್ತುತ್ತಿತ್ತು.

ಒಂದು ಬೆಳಿಗ್ಗೆ ತಿರುವಿನಲ್ಲಿ ದೇಯಿಯಕ್ಕ ಬರಿಗೈಯಲ್ಲಿ ನಿಂತಿದ್ದಳು. ಝೇವಿಯರನಿಗೆ ಅರ್ಥವಾಯಿತು. ವ್ಯಾನು ತುಂಬ ಜನ. ಅವನು ಬಾಯಿ ಬಿಡುವ ಮೊದಲೇ ಎಲ್ಲರೂ ಇಳಿದಾಗಿತ್ತು. ಗುಲಾಬಿಯನ್ನು ಸೀಟಿನಲ್ಲಿ ಮಲಗಿಸಿದರು, ದೇಯಿಯಕ್ಕ ಪಕ್ಕದಲ್ಲಿ ಕುಳಿತಳು. ಗಂಡಸರು ಹಳೆಯ ರೂಢಿಯಂತೆ ಹಿಂದೆ ಹೋಗಿ ದೂಡಲು ನಿಂತರು.

"ಬೇಡ ಅಣ್ಣು, ಬಿಡು!" ಎಂದು ಝೇವಿಯರ್ ಕೂಗಿ ಮೊದಲ ಗೇರು ಹಾಕಿದ. ಕಳೆದ ಸಲ ನಿಂತ ಜಾಗ ಎದುರಿಗೇ ಇತ್ತು. ಎಂಜಿನು ಗುಡುಗಿತು. ವ್ಯಾನು ಸರಕ್ಕನೆ ಮುಂದೆ ಹೋಯಿತು. ದೂಡಲು ಚಾಚಿದ ಕೈಗಳು ಗಾಳಿಯಲ್ಲೇ ಉಳಿದವು, ಅಣ್ಣು ಮಣ್ಣಿನಲ್ಲಿ ಬೋರಲಾಗಿ ಬಿದ್ದ. ಬಿದ್ದಲ್ಲಿಂದಲೇ, "ಹೋಯ್ತು! ಹತ್ತಿಹೋಯ್ತು!" ಎಂದು ಕೂಗಿದ. ಆ ಜಾಗ ದಾಟಿದ್ದು ಝೇವಿಯರನಿಗೆ ತಿಳಿಯಲೇ ಇಲ್ಲ, ಕಣ್ಣು ಅಷ್ಟು ಮಂಜಾಗಿತ್ತು.

ಹೆಣ್ಣು ಮಗು ಹುಟ್ಟಿತು. ತಾಯಿಯಿಂದ ಮಗಳಿಗೆ ಮನೆ ಸಾಗುವ ಕುಟುಂಬ. ದೇಯಿಯಕ್ಕನ ಸಂತೋಷ ಹೇಳತೀರದು. ಮಗು ಮನೆಗೆ ಬಂದ ಮರುದಿನ ಅವಳು ಹಿಂದಿನಂತೆ ಕೊಡಪಾನ ಹಿಡಿದು ರಸ್ತೆಗೆ ಬಂದಳು. ವ್ಯಾನಿಗೆ ಈಗ ಕುದಿಯುವ ಚಾಳಿಯಿಲ್ಲ ಎಂಬುದು ಅಲ್ಲೇ ನೆನಪಾಗಿರಬೇಕು, ಕೊಡಪಾನ ಕೆಳಗಿಳಿಸಿದಳು. ಝೇವಿಯರ್ ವ್ಯಾನು ನಿಲ್ಲಿಸಿದ. ಗೋಣಿ ತುಂಡು ಹಿಡಿದು ಇಳಿದು ಮುಚ್ಚಳ ತಿರುಗಿಸಿದ.

ಆಮೇಲೂ ವರ್ಷಗಟ್ಟಲೆ ಆ ವ್ಯಾನು ಓಡಿತು. ಒಮ್ಮೆ ಸಂಜೆಯ ಓಟ ಮುಗಿದ ಮೇಲೆ ಎಣ್ಣೆ ಬದಲಿಸುವಾಗ ಅಯ್ಯೂಬ್ ರೇಡಿಯೇಟರಿಗೆ ಇಣುಕಿ ಕೇಳಿದ: "ನೋಡಿದಾಗೆಲ್ಲ ಒಂದು ಚೆಂಬು ನೀರು ಕಮ್ಮಿ ಉಂಟಲ್ಲ ಪೊರ್ಬು? ಎಲ್ಲಿ ಸೋರ್ತದೆ?"

"ಸೋರುದಿಲ್ಲ. ಮರುದಿನ ಬೆಳಿಗ್ಗೆಗೆ ಅಂತ ದಿನಾ ಸಂಜೆ ನಾನೇ ಅಷ್ಟು ತೆಗೆದುಬಿಡುದು" ಎಂದ ಝೇವಿಯರ್. "ಅದು ದೇಯಿಯಕ್ಕನ ಪಾಲು."

ಅಯ್ಯೂಬ್ ಎತ್ತಿದ್ದ ನೀರಿನ ಡಬ್ಬಿಯನ್ನು ಕೆಳಗಿಟ್ಟು, ಮುಚ್ಚಳ ಹಾಕಿದ.